ಬಾಯಿಪಾಠದ ಪ್ರತಿಜ್ಞೆ

ಕಳೆದ ವರ್ಷದ ಫೆಬ್ರವರಿಯ ಒಂದು ಭಾನುವಾರ. ಹಾರ್ಬರ್ ಮಾರ್ಗದಲ್ಲಿ ಎಂದಿನಂತೆ ಮೆಗಾಬ್ಲಾಕ್. ಯಾವ ಗಾಡಿ ಹಿಡಿದರೆ ಕನ್ನಡ ಆರಾಧನೆಯ ಹೊತ್ತಿಗೆ ತಲುಪಬಹುದೆಂದು ಲೆಕ್ಕ ಹಾಕುತ್ತ ನಾವು ಕುರ್ಲಾ ನಿಲ್ದಾಣದ ಸೇತುವೆಯ ಮೇಲೆ ನಿಂತಿದ್ದೆವು. ನಮ್ಮ ಸಭೆಗೆ ಸ್ವಂತ ದೇವಾಲಯವಿಲ್ಲ. ಇನ್ನೊಂದು ಭಾಷೆಯ ಸಭೆಯವರು ತಮ್ಮ ಆರಾಧನೆ ಮುಗಿಸಿ ಮಧ್ಯಾಹ್ನ ನಮಗೆ ಬಿಟ್ಟುಕೊಡುವ ಎರಡು ಗಂಟೆಗಳೇ ವಾರಕ್ಕೊಮ್ಮೆ ನಮಗೆ ದೊರೆಯುವ ಕರ್ನಾಟಕ. ಹದಿನೈದು ವರ್ಷದ ಮಗಳು ಪಕ್ಕದಲ್ಲಿ ನಿಂತು ಒಂದು ಹಾಳೆಯನ್ನು ನೋಡಿ ನೋಡಿ ಬಾಯಿಪಾಠ ಮಾಡುತ್ತಿದ್ದಳು. ಗರಿಗಳ ಭಾನುವಾರ ನಡೆಯಲಿದ್ದ ದೃಢೀಕರಣದಲ್ಲಿ ಸಭೆಯ ಮುಂದೆ ಹೇಳಬೇಕಾದ ಉತ್ತರಗಳು ಅದರಲ್ಲಿದ್ದವು. ಭಾಷೆ ಕನ್ನಡ, ಲಿಪಿ ರೋಮನ್.

ಅವಳು ತಲೆಯೆತ್ತಿ ಕೇಳಿದಳು: “ಇದರಲ್ಲಿ ಅರ್ಧ ನನಗೆ ಅರ್ಥವಾಗುವುದಿಲ್ಲ. ಅರ್ಥವಾದ ಅರ್ಧವನ್ನು ನಾನು ನಂಬುತ್ತೇನೋ ಇಲ್ಲವೋ ಗೊತ್ತಿಲ್ಲ. ದೇವರ ಮುಂದೆ ನಿಂತು ಇದನ್ನು ಹೇಳಿದರೆ ಸುಳ್ಳು ಹೇಳಿದಂತೆ ಆಗುವುದಿಲ್ಲವೇ?”

ನಾವು ಕೊಟ್ಟ ಉತ್ತರ ಇಂದಿಗೂ ನಮ್ಮನ್ನು ನಾಚಿಸುತ್ತದೆ. “ಮೊದಲು ಹೇಳು, ಅರ್ಥ ಆಮೇಲೆ ತಾನಾಗಿ ಆಗುತ್ತದೆ. ನಾವೂ ಹಾಗೆಯೇ ಹೇಳಿದ್ದೆವು” ಎಂದೆವು. ಅಷ್ಟರಲ್ಲಿ ಗಾಡಿ ಬಂತು. ಆ ವರ್ಷ ಅವಳು ದೃಢೀಕರಣಕ್ಕೆ ನಿಲ್ಲಲಿಲ್ಲ. ಹೊಸ ಉಡುಪು ಕಪಾಟಿನಲ್ಲಿಯೇ ಉಳಿಯಿತು, ಊರಿನಿಂದ ಬರಬೇಕಾಗಿದ್ದ ಬಂಧುಗಳು ಮತ್ಸ್ಯಗಂಧ ರೈಲಿನ ಟಿಕೆಟ್ ರದ್ದುಪಡಿಸಿದರು. “ಮುಂಬಯಿಯಲ್ಲಿ ಬೆಳೆದ ಮಕ್ಕಳು ಹೀಗೆಯೇ” ಎಂಬ ಮಾತನ್ನು ಎಷ್ಟು ಮಂದಿಯಿಂದ ಕೇಳಿದೆವೋ ಲೆಕ್ಕವಿಲ್ಲ. ಒಂದು ವರ್ಷ ಯೋಚಿಸಿದ ಮೇಲೆ ನಮಗೆ ಅನ್ನಿಸುವುದು ಬೇರೆ. ಆ ಸೇತುವೆಯ ಮೇಲೆ ನಂಬಿಕೆಯನ್ನು ಗಂಭೀರವಾಗಿ ತೆಗೆದುಕೊಂಡವಳು ಅವಳೊಬ್ಬಳೇ. ನಾವು ಸಮಾರಂಭವನ್ನು ಗಂಭೀರವಾಗಿ ತೆಗೆದುಕೊಂಡಿದ್ದೆವು.

ಈ ಸಂಪ್ರದಾಯವನ್ನು ಅರಿಯದ ಓದುಗರಿಗಾಗಿ ಒಂದು ಮಾತು. ನಮ್ಮಲ್ಲಿ ಮಗುವಿಗೆ ಎಳವೆಯಲ್ಲಿಯೇ ದೀಕ್ಷಾಸ್ನಾನವಾಗುತ್ತದೆ. ಆಗ ಮಗುವಿನ ಪರವಾಗಿ ಮಾತು ಕೊಡುವವರು ತಂದೆತಾಯಿಗಳು ಮತ್ತು ಜ್ಞಾನಪಿತೃಗಳು. ಹದಿಹರೆಯಕ್ಕೆ ಬಂದಾಗ ಆ ಮಾತನ್ನು ಮಗು ತನ್ನ ಬಾಯಿಂದಲೇ ಹೇಳಿ ತನ್ನದಾಗಿಸಿಕೊಳ್ಳುವುದೇ ದೃಢೀಕರಣ. ಅಲ್ಲಿಯವರೆಗೆ ಇನ್ನೊಬ್ಬರ ಬಾಯಲ್ಲಿದ್ದುದು ಅಂದು ತನ್ನ ಬಾಯಿಗೆ ಬರಬೇಕು. ಅಂಥ ಮಾತನ್ನು ಪುನಃ ಇನ್ನೊಬ್ಬರು ಬರೆದುಕೊಟ್ಟು, ತಿಳಿಯದ ಭಾಷೆಯಲ್ಲಿ ಬಾಯಿಪಾಠ ಮಾಡಿಸಿದರೆ ಕ್ರಿಯೆ ಉಳಿದೀತು, ಅದರ ಕಾರಣ ಉಳಿಯದು.

ನಮ್ಮ ಮನೆತನ ಉಡುಪಿಯ ಕಡೆಯದು, ಬಾಸೆಲ್ ಮಿಶನ್ನಿನ ಪರಂಪರೆಯದು. ಮುಂಬಯಿಯ ಕನ್ನಡ ಕೂಟಗಳಲ್ಲಿ ಇಂದಿಗೂ ಕೆಲವರು “ಹೌದೇ, ನಿಮ್ಮ ಮನೆಮಾತು ಕನ್ನಡವೇ?” ಎಂದು ಅಚ್ಚರಿಪಡುವುದುಂಟು. ಅದಕ್ಕೆ ಉತ್ತರವಾಗಿ ನಾವು ಹೆಮ್ಮೆಯಿಂದ ಒಂದು ಪಟ್ಟಿಯನ್ನು ಒಪ್ಪಿಸುತ್ತೇವೆ: 1834ರಲ್ಲಿ ಮಂಗಳೂರಿಗೆ ಬಂದ ಮಿಶನರಿಗಳು, 1843ರಲ್ಲಿ ಹರ್ಮನ್ ಮೋಗ್ಲಿಂಗ್ ಹೊರಡಿಸಿದ ‘ಮಂಗಳೂರ ಸಮಾಚಾರ’, 1894ರಲ್ಲಿ ಅಚ್ಚಾದ ಫರ್ಡಿನೆಂಡ್ ಕಿಟ್ಟೆಲರ ನಿಘಂಟು. ಈ ಪಟ್ಟಿ ನಮ್ಮ ಗುರುತಿನ ಚೀಟಿ. ಕನ್ನಡವನ್ನು ಬಿಟ್ಟರೆ ನಂಬಿಕೆಯನ್ನೇ ಬಿಟ್ಟಂತೆ ಎಂಬ ಭಾವನೆ ನಮ್ಮ ಹಿರಿಯರಲ್ಲಿ ಬೇರೂರಿರುವುದಕ್ಕೆ ಇದೂ ಒಂದು ಕಾರಣ.

ಆದರೆ ಈ ಪಟ್ಟಿಯನ್ನು ನಾವು ತಲೆಕೆಳಗಾಗಿ ಓದುತ್ತಿದ್ದೇವೆಯೇ? ಮೋಗ್ಲಿಂಗರ ತಾಯ್ನುಡಿ ಕನ್ನಡವಲ್ಲ, ಕಿಟ್ಟೆಲರದೂ ಅಲ್ಲ. ತಾವು ಯಾರೊಂದಿಗೆ ಮಾತನಾಡಬೇಕಾಗಿತ್ತೋ ಅವರ ಭಾಷೆಯನ್ನು ಅವರು ಕಲಿತರು, ಅದರ ಗಾದೆಗಳನ್ನೂ ದಾಸರ ಪದಗಳನ್ನೂ ಛಂದಸ್ಸನ್ನೂ ಕಲಿತರು. 1862ರ ‘ಕಥಾಮಾಲೆ’ಯಲ್ಲಿ ಕಿಟ್ಟೆಲರು ಯೇಸುವಿನ ಕಥೆಯನ್ನು ಈ ನೆಲದ ಛಂದಸ್ಸಿನಲ್ಲಿಯೇ ಹೇಳಿದರು. “ಮೊದಲು ನೀವು ಜರ್ಮನ್ ಕಲಿತು ಬನ್ನಿ, ಆಮೇಲೆ ದೇವರ ವಿಷಯ ಮಾತನಾಡೋಣ” ಎಂದು ಅವರು ಹೇಳಿದ್ದರೆ ನಮ್ಮ ಸಭೆಗಳೇ ಇರುತ್ತಿರಲಿಲ್ಲ. ಹೇಳುವವನು ಕೇಳುವವನ ಭಾಷೆಗೆ ಹೋಗಬೇಕು ಎಂಬುದು ಅವರಿಂದ ನಮಗೆ ಬಂದ ಪಾಠ. ನಾವಾದರೋ ನಮ್ಮ ಮಕ್ಕಳಿಗೆ, ನೀವೇ ನಮ್ಮ ಭಾಷೆಗೆ ಬನ್ನಿ, ಬಂದ ಮೇಲೆ ದೇವರನ್ನು ತೋರಿಸುತ್ತೇವೆ ಎನ್ನುತ್ತಿದ್ದೇವೆ. ಶಾಲೆಯಲ್ಲಿ ಇಂಗ್ಲಿಷ್ ಮತ್ತು ಮರಾಠಿ, ಬೀದಿಯಲ್ಲಿ ಹಿಂದಿ, ಮನೆಯಲ್ಲಿ ಆಡುಗನ್ನಡ, ಅಜ್ಜಿಯೊಂದಿಗೆ ತುಳು. ಕುರ್ಲಾದಲ್ಲಿ ಬೆಳೆಯುವ ಮಗುವಿಗೆ ಭಾಷೆಗಳ ಬಡತನವಿಲ್ಲ. ಆದರೆ ನಮ್ಮ ಪ್ರಾರ್ಥನಾ ಪುಸ್ತಕದ ಕನ್ನಡ ಈ ಯಾವುದರೊಳಗೂ ಸೇರುವುದಿಲ್ಲ.

ಅದೇ ಪರಂಪರೆಯ ಇನ್ನೊಂದು ಹೆಸರನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. 1844ರ ಜನವರಿಯಲ್ಲಿ ಮಂಗಳೂರಿನಲ್ಲಿ ದೀಕ್ಷಾಸ್ನಾನ ಪಡೆದ ಆನಂದರಾವ್ ಕೌಂಡಿನ್ಯರು ಆಗ ಇನ್ನೂ ಇಪ್ಪತ್ತು ತುಂಬದ ಸಾರಸ್ವತ ತರುಣ. ಮುಂದೆ ಬಾಸೆಲಿನಲ್ಲಿ ಓದಿ 1851ರಲ್ಲಿ ಗುರುದೀಕ್ಷೆ ಪಡೆದು ಮರಳಿದರು. ಅವರ ಆಯ್ಕೆ ಸರಿಯೋ ತಪ್ಪೋ ಎಂಬ ಚರ್ಚೆ ಇಲ್ಲಿ ಬೇಡ. ಅದು ಒಂದು ಮನೆಯನ್ನು ಎಷ್ಟು ನೋಯಿಸಿರಬೇಕೆಂಬುದನ್ನು ಊಹಿಸಬಲ್ಲೆವು. ನಾವು ಹೇಳಹೊರಟಿರುವುದು ಇಷ್ಟೇ: ನಮ್ಮ ಸಭೆಗಳ ಆರಂಭದಲ್ಲಿ ಇರುವುದು, ಒಪ್ಪಿಸಿದ್ದನ್ನು ಒಪ್ಪಿಕೊಳ್ಳದೆ ತಾನೇ ಹುಡುಕಿ ನಿರ್ಧರಿಸಿ ಅದರ ಬೆಲೆ ತೆತ್ತ ಒಬ್ಬ ಎಳೆಯ. ಆ ಹುಡುಕಾಟವನ್ನು ನಾವು ಚರಿತ್ರೆಯ ಪುಸ್ತಕದಲ್ಲಿ ಸಾಹಸವೆಂದು ಓದುತ್ತೇವೆ, ಊಟದ ಮೇಜಿನಲ್ಲಿ ಎದುರಾದರೆ ಉದ್ಧಟತನ ಎನ್ನುತ್ತೇವೆ.

ಮಗಳ ಪ್ರಶ್ನೆ ಬರಿಯ ಭಾಷೆಯ ಪ್ರಶ್ನೆಯಾಗಿದ್ದರೆ ಅನುವಾದದಿಂದ ತೀರುತ್ತಿತ್ತು. ಅದು ತೀರುವಂಥದ್ದಲ್ಲವೆಂದು ನಮಗೆ ತಿಳಿದದ್ದು ಮೂರು ತಿಂಗಳು ಕಳೆದ ಮೇಲೆ. 2021ರ ಏಪ್ರಿಲ್‌ನಲ್ಲಿ ಕೊರೊನಾದ ಎರಡನೆಯ ಅಲೆಯಲ್ಲಿ ಅವಳ ಅಜ್ಜ ತೀರಿಕೊಂಡರು. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದರು. ಆ ಹನ್ನೊಂದು ರಾತ್ರಿಯೂ ಹನ್ನೊಂದು ವರ್ಷದ ಹುಡುಗಿ ಮಂಡಿಯೂರಿ ಪ್ರಾರ್ಥಿಸಿದಳು. ಪ್ರಾರ್ಥಿಸಿದರೆ ದೇವರು ಕೇಳುತ್ತಾನೆ ಎಂದು ಅವಳಿಗೆ ಹೇಳಿಕೊಟ್ಟವರು ನಾವೇ. ಮಣ್ಣಿಗಿಡುವಾಗ ಕೆಲವರಿಗಷ್ಟೇ ಹೋಗಲು ಸಾಧ್ಯವಾಯಿತು, ಅವಳಿಗೆ ಆಗಲಿಲ್ಲ. “ದೇವರ ಚಿತ್ತ” ಎಂದೆವು. ಅವಳು ಮತ್ತೆ ಕೇಳಲಿಲ್ಲ. ಮಗು ಅರ್ಥಮಾಡಿಕೊಂಡಿತು ಎಂದು ನಾವು ಸಮಾಧಾನಪಟ್ಟೆವು. ನಾಲ್ಕು ವರ್ಷ ಆ ಪ್ರಶ್ನೆ ಅವಳೊಳಗೆ ಸುಮ್ಮನೆ ಕುಳಿತಿತ್ತು. ದೃಢೀಕರಣದ ಹಾಳೆಯಲ್ಲಿ ಸರ್ವಶಕ್ತನಾದ ತಂದೆಯನ್ನು ನಂಬುತ್ತೇನೆಂದು ಹೇಳಬೇಕಾಗಿ ಬಂದಾಗ ಅದು ಎದ್ದು ನಿಂತಿತು.

ಹದಿಹರೆಯದವರು ನಂಬಿಕೆಯನ್ನು ಬಿಡುವುದಕ್ಕೆ ಮೊಬೈಲು, ಸಿನಿಮಾ, ಕೆಟ್ಟ ಸಹವಾಸ ಎಂದು ನಾವು ಕಾರಣ ಕೊಡುತ್ತೇವೆ. ಅವೂ ಇರಬಹುದು. ಆದರೆ ಬಹಳ ಸಲ ಕಾರಣ ಇನ್ನೂ ಸರಳ: ಒಂದು ನಿಜವಾದ ಪ್ರಶ್ನೆಯನ್ನು ಕೇಳಿದಾಗ ಅವರಿಗೆ ಒಂದು ಸಿದ್ಧ ಉತ್ತರ ಸಿಕ್ಕಿತು, ಮುಂದೆ ಕೇಳುವುದನ್ನು ನಿಲ್ಲಿಸಿದರು. ಹನ್ನೆರಡನೆಯ ತರಗತಿಯವರೆಗೆ ನಮ್ಮೊಂದಿಗೆ ಪೀಠದಲ್ಲಿ ಕೂರುತ್ತಾರೆ, ಕಾಲೇಜಿಗೆ ಸೇರಿದ ಮರುವಾರ ಕಾಣೆಯಾಗುತ್ತಾರೆ. ಅವರು ಹೋದದ್ದು ಆ ವಾರವಲ್ಲ. ಅದಕ್ಕೆ ವರ್ಷಗಳ ಮುಂಚೆಯೇ.

ಸಿದ್ಧ ಉತ್ತರಕ್ಕಿಂತ ಕೆಟ್ಟದ್ದು ಹೆದರಿಕೆ. ಎಂ.ಎ. ಓದುವಾಗ ಪಠ್ಯವಾಗಿದ್ದ ಜೇಮ್ಸ್ ಜಾಯ್ಸನ 1916ರ ಕಾದಂಬರಿಯಲ್ಲಿ ಸ್ಟೀಫನ್ ಎಂಬ ಹುಡುಗ ಧ್ಯಾನಶಿಬಿರವೊಂದರಲ್ಲಿ ನರಕದ ಕುರಿತ ಪ್ರವಚನಗಳನ್ನು ಕೇಳಿ ನಡುಗಿಹೋಗುತ್ತಾನೆ; ಕೆಲಕಾಲ ಅತಿ ಭಕ್ತನಾಗುತ್ತಾನೆ; ಕೊನೆಗೆ ಎಲ್ಲವನ್ನೂ ಬಿಟ್ಟು ದೇಶವನ್ನೇ ತೊರೆಯಲು ಅಣಿಯಾಗುತ್ತಾನೆ. ಆಗ ಅದನ್ನು ಕಲಾವಿದನೊಬ್ಬನ ಬಿಡುಗಡೆಯ ಕಥೆಯಾಗಿ ಓದಿದ್ದೆವು. ಈಗ ತಂದೆತಾಯಿಗಳಾಗಿ ಓದಿದರೆ, ಹೆದರಿಕೆಯಿಂದ ಕಟ್ಟಿದ ಭಕ್ತಿ ಎಷ್ಟು ದಿನ ಬಾಳುತ್ತದೆ ಎಂಬುದರ ಲೆಕ್ಕದಂತೆಯೂ ಕಾಣುತ್ತದೆ.

ಸುವಾರ್ತೆಗಳಲ್ಲಿ ಯೇಸುವಿನ ಎಳೆಹರೆಯದ ಒಂದೇ ಒಂದು ಪ್ರಸಂಗವಿದೆ, ಲೂಕನದರಲ್ಲಿ. ಪಸ್ಕಹಬ್ಬಕ್ಕೆ ಯೆರೂಸಲೇಮಿಗೆ ಹೋದ ಹನ್ನೆರಡರ ಬಾಲಕ ತಂದೆತಾಯಿಗಳಿಂದ ತಪ್ಪಿಹೋಗುತ್ತಾನೆ. ಮೂರು ದಿನಗಳಾದ ಮೇಲೆ ದೇವಾಲಯದಲ್ಲಿ ಸಿಗುತ್ತಾನೆ. ಅಲ್ಲಿ ಅವನು ಮಾಡುತ್ತಿದ್ದುದೇನು? ಬೋಧಕರ ನಡುವೆ ಕುಳಿತು ಕೇಳಿಸಿಕೊಳ್ಳುತ್ತಿದ್ದ, ಪ್ರಶ್ನೆ ಹಾಕುತ್ತಿದ್ದ. ತಾಯಿ ಆಕ್ಷೇಪಿಸುತ್ತಾಳೆ, ಅವನ ಮಾತು ತಂದೆತಾಯಿಗಳಿಗೆ ಅರ್ಥವಾಗುವುದಿಲ್ಲ, ಆದರೂ ಅವರೊಂದಿಗೆ ನಜರೇತಿಗೆ ಮರಳುತ್ತಾನೆ. ಭಾನುವಾರದ ಶಾಲೆಯಲ್ಲಿ ಈ ಕಥೆಯನ್ನು ವಿಧೇಯತೆಯ ಪಾಠವಾಗಿ ಕಲಿಸುತ್ತೇವೆ. ಮಗುವಿಗೆ ಕೂರಲು ಜಾಗ ಕೊಟ್ಟು, ಅದರ ಪ್ರಶ್ನೆಗಳಿಗೆ ಬೆರಗಾದ ಆ ಬೋಧಕರ ಬಗ್ಗೆ ಯಾರೂ ಪಾಠ ಮಾಡಿದ್ದನ್ನು ನಾವು ಕೇಳಿಲ್ಲ.

ಅಂಥ ಜಾಗವೊಂದನ್ನು ಮಾಡಲು ನಾಲ್ಕು ಮನೆಯವರು ಸೇರಿ ಯತ್ನಿಸಿದೆವು. ಕಳೆದ ಜೂನ್‌ನಿಂದ ಎರಡು ವಾರಕ್ಕೊಮ್ಮೆ ಶನಿವಾರ ಸಂಜೆ ಕುರ್ಲಾದ ನಮ್ಮ ಮನೆಯಲ್ಲಿ ಐವರು ಮಕ್ಕಳು ಸೇರುತ್ತಾರೆ. ನಿಯಮಗಳು ಕೆಲವೇ. ಯಾವ ಭಾಷೆಯಲ್ಲಾದರೂ ಮಾತನಾಡಬಹುದು. ಯಾವ ಪ್ರಶ್ನೆಗೂ ಅಂದೇ ಉತ್ತರ ಸಿಗಬೇಕೆಂದಿಲ್ಲ. ಬಾಗಿಲು ತೆರೆದಿರುತ್ತದೆ, ಸಭೆಯ ಇಬ್ಬರು ದೊಡ್ಡವರು ಜೊತೆಗೆ ಇರುತ್ತಾರೆ, ಆದರೆ ತಂದೆತಾಯಿಗಳು ಆ ಕೋಣೆಯಲ್ಲಿ ಕೂರುವಂತಿಲ್ಲ. ಕೊನೆಯ ನಿಯಮ ನಮಗೆ ಅತ್ಯಂತ ಕಠಿಣವಾಯಿತು. ಅಡುಗೆಮನೆಯಲ್ಲಿ ಚಹಾ ಕಾಸುತ್ತ ಕಿವಿ ನೆಟ್ಟಗೆ ಮಾಡಿಕೊಂಡಿದ್ದೆವೆಂದು ಒಪ್ಪಿಕೊಳ್ಳುತ್ತೇವೆ.

ಮೊದಲು ಅವರು ಮಾರ್ಕನ ಸುವಾರ್ತೆಯನ್ನು ತಮಗೆ ಬೇಕಾದ ಭಾಷೆಯಲ್ಲಿ ಆದಿಯಿಂದ ಅಂತ್ಯದವರೆಗೆ ಓದಿದರು. ಹದಿನಾರೇ ಅಧ್ಯಾಯ, ನಾಲ್ಕರಲ್ಲಿ ಅತಿ ಚಿಕ್ಕದು. ಹತ್ತು ವರ್ಷ ಭಾನುವಾರದ ಶಾಲೆಗೆ ಹೋದ ಮಕ್ಕಳು ಅದನ್ನು ಇಡಿಯಾಗಿ ಓದಿದ್ದು ಅದೇ ಮೊದಲು. ಅಲ್ಲಿಯ ಯೇಸು ಕೋಪಿಸಿಕೊಳ್ಳುತ್ತಾನೆ, ದಣಿಯುತ್ತಾನೆ, ಶಿಲುಬೆಯ ಮೇಲೆ ದೇವರು ತನ್ನನ್ನು ಕೈಬಿಟ್ಟನೇ ಎಂದು ಕೂಗುತ್ತಾನೆ. ನಮ್ಮ ಮಗಳು ಆ ಅಧ್ಯಾಯದ ಬಳಿ ಬಹಳ ಹೊತ್ತು ನಿಂತಳಂತೆ. ಜೊತೆಗಿದ್ದ ಹಿರಿಯರಲ್ಲಿ ಒಬ್ಬರು ದಾದಿ, ಕೊರೊನಾ ವಾರ್ಡಿನಲ್ಲಿ ಕೆಲಸ ಮಾಡಿದವರು. ಪ್ರಾರ್ಥನೆ ಏಕೆ ಫಲಿಸಲಿಲ್ಲ ಎಂದು ಮಗಳು ಕೇಳಿದಾಗ ಅವರು ವಿವರಣೆ ಕೊಡಲಿಲ್ಲ. ತಾವು ಆ ವಾರ್ಡಿನಲ್ಲಿ ಕಂಡದ್ದನ್ನು ಹೇಳಿದರು. ಅದಾದ ಮೇಲೆ ಆರು ತಿಂಗಳು ತಮಗೂ ಪ್ರಾರ್ಥಿಸಲು ಆಗಲಿಲ್ಲವೆಂದು ಹೇಳಿದರು. ಆಗ ತಮ್ಮ ಪರವಾಗಿ ಬೇರೆಯವರು ಪ್ರಾರ್ಥಿಸುತ್ತಿದ್ದಾರೆಂಬುದನ್ನು ನೆಚ್ಚಿಕೊಂಡಿದ್ದೆ ಎಂದರು. ನಮ್ಮ ನಾಲ್ಕು ವರ್ಷಗಳ “ದೇವರ ಚಿತ್ತ” ಮಾಡಲಾಗದ್ದನ್ನು ಆ ಅರ್ಧ ಗಂಟೆ ಮಾಡಿತು. ಮಗಳ ಸಂಶಯ ಹೋಗಲಿಲ್ಲ. ಅದರೊಂದಿಗೆ ಅವಳು ಒಬ್ಬಂಟಿಯಾಗಿ ಇರುವುದು ತಪ್ಪಿತು.

ಓದಿದ್ದನ್ನು ಬದುಕುವ ಬಗೆಗೆ ಕ್ಯಾಥೊಲಿಕ್ ಸ್ನೇಹಿತರೊಬ್ಬರಿಂದ ಒಂದು ಹಳೆಯ ಕ್ರಮವನ್ನು ಎರವಲು ಪಡೆದೆವು. ಬೆಲ್ಜಿಯಂನ ಪಾದ್ರಿ ಜೋಸೆಫ್ ಕಾರ್ಡೈನ್ ಕಳೆದ ಶತಮಾನದ ಇಪ್ಪತ್ತರ ದಶಕದಲ್ಲಿ ಕಾರ್ಖಾನೆಯ ಹುಡುಗ ಹುಡುಗಿಯರಿಗೆಂದು ರೂಪಿಸಿದ್ದು: ನೋಡು, ತೂಗಿ ನೋಡು, ಮಾಡು. 1961ರಲ್ಲಿ ಪೋಪ್ 23ನೆಯ ಜಾನ್ ತಮ್ಮ ವಿಶ್ವಪತ್ರದಲ್ಲಿ ಇದನ್ನು ಅನುಮೋದಿಸಿದರು. ಇದರ ಹೆಚ್ಚುಗಾರಿಕೆಯೆಂದರೆ ಮಾತು ಸಿದ್ಧಾಂತದಿಂದ ಆರಂಭವಾಗುವುದಿಲ್ಲ, ಮಗು ಆ ವಾರ ಕಂಡದ್ದರಿಂದ ಆರಂಭವಾಗುತ್ತದೆ.

ಒಬ್ಬ ಹುಡುಗ ಕಂಡದ್ದು ತನ್ನ ತರಗತಿಯ ವಾಟ್ಸಾಪ್ ಗುಂಪನ್ನು. ಅದರಲ್ಲಿ ಕುರ್ಲಾ ಪಶ್ಚಿಮದ ಮುಸ್ಲಿಂ ಸಹಪಾಠಿಗಳನ್ನು ಹೀಯಾಳಿಸುವ ಚಿತ್ರಗಳು ದಿನವೂ ಬರುತ್ತಿದ್ದವು. ಎರಡು ಶನಿವಾರ ಮಾತನಾಡಿದ ಮೇಲೆ ಅವನು “ಇದು ಸರಿಯಲ್ಲ, ಅವರು ನಮ್ಮ ಜೊತೆಯಲ್ಲಿಯೇ ಕೂರುವವರು” ಎಂದು ಬರೆದ. ಅವನನ್ನು ಗುಂಪಿನಿಂದ ತೆಗೆದುಹಾಕಿದರು, ಕೆಲವು ಗೆಳೆಯರು ಮಾತು ಬಿಟ್ಟರು. ಅವನ ತಾಯಿ ಕಳವಳದಿಂದ ನಮ್ಮಲ್ಲಿಗೆ ಬಂದರು. “ಸುಮ್ಮನೆ ಇರಬಹುದಿತ್ತಲ್ಲ” ಎಂದರು. ನಮಗೂ ಹಾಗೆಯೇ ಅನ್ನಿಸಿತ್ತು. 2005ರ ಜುಲೈ 26ರಂದು ಮಿಠಿ ನದಿ ಉಕ್ಕಿ ಕುರ್ಲಾ ಮುಳುಗಿದಾಗ ನಮಗೆ ಮೇಲಿನ ಮಹಡಿಯಲ್ಲಿ ರಾತ್ರಿಯಿಡೀ ಜಾಗ ಕೊಟ್ಟು, ಒಣ ಬಟ್ಟೆ ಕೊಟ್ಟು, ಬಿಸಿ ಖಿಚಡಿ ಬಡಿಸಿದವರು ಯಾರ ಮನೆಯವರೆಂಬುದು ನೆನಪಾಗಿ ನಾಲಗೆ ತಡೆಯಿತು. ಆಗ ಸ್ಪಷ್ಟವಾಯಿತು: ನಮ್ಮ ಮಕ್ಕಳಿಗೆ ನಂಬಿಕೆ ಬೇಕು ಎನ್ನುವ ನಾವು ಅದರ ಬೆಲೆ ಮಾತ್ರ ಅವರು ತೆರಬಾರದೆಂದು ಬಯಸುತ್ತೇವೆ. ಪರೀಕ್ಷೆಯಲ್ಲಿ ಅಂಕ, ಒಳ್ಳೆಯ ನಡತೆ, ಭಾನುವಾರದ ಹಾಜರಿ, ಇವಿಷ್ಟನ್ನು ಕೊಡುವ ನಂಬಿಕೆಯಾದರೆ ಸಾಕು ನಮಗೆ.

ಇಲ್ಲಿ ಒಂದು ಆಕ್ಷೇಪಣೆ ಏಳುತ್ತದೆ, ಅದು ಹಗುರವಾದದ್ದಲ್ಲ. ಮಕ್ಕಳಿಗೆ ಅವರವರ ಭಾಷೆಯಲ್ಲಿ ಪ್ರತಿಜ್ಞೆ ಹೇಳಲು ಬಿಟ್ಟರೆ ಇನ್ನೊಂದು ತಲೆಮಾರಿಗೆ ಈ ನಗರದಲ್ಲಿ ಕನ್ನಡ ಆರಾಧನೆಯೇ ಇರುವುದಿಲ್ಲ ಎನ್ನುತ್ತಾರೆ ನಮ್ಮ ಹಿರಿಯರು. ಕನ್ನಡ ಮಾಧ್ಯಮದ ಶಾಲೆಗಳು ಒಂದೊಂದಾಗಿ ಮುಚ್ಚಿದ್ದನ್ನು ಕಂಡವರ ಭಯ ಅದು. ಈ ತಾಣದ ಓದುಗರಿಗೆ ಅದನ್ನು ವಿವರಿಸಬೇಕಾಗಿಲ್ಲ. ಇನ್ನೂ ಒಂದನ್ನು ಸೇರಿಸೋಣ: ಭಾಷೆ ಬದಲಿಸಿದ ಮಾತ್ರಕ್ಕೆ ಮಕ್ಕಳು ಉಳಿಯುತ್ತಾರೆ ಎಂಬುದೂ ನಿಜವಲ್ಲ. ಪೋರ್ಚುಗೀಸರ ಕಾಲದಲ್ಲಿ ಕಟ್ಟಿ 1848ರಲ್ಲಿ ಪುನಃ ನಿರ್ಮಿಸಿದ ಹೋಲಿಕ್ರಾಸ್ ಇಗರ್ಜಿ ನಮ್ಮ ಕುರ್ಲಾದಲ್ಲಿಯೇ ಇದೆ. 1962ರಿಂದ 65ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆ ಜನಭಾಷೆಗಳಿಗೆ ಬಾಗಿಲು ತೆರೆದ ಮೇಲೆ ಕ್ಯಾಥೊಲಿಕ್ ಪೂಜೆ ಲ್ಯಾಟಿನ್ನಿನಿಂದ ಜನರ ಮಾತಿಗೆ ಇಳಿಯಿತು. ಆದರೂ ತಮ್ಮ ಮಕ್ಕಳ ಕುರಿತು ಮಾತನಾಡುವಾಗ ಮಂಗಳೂರಿನ ಕೊಂಕಣಿ ಗೆಳೆಯರ ನಿಟ್ಟುಸಿರೂ ನಮ್ಮದರಂತೆಯೇ ಇರುತ್ತದೆ. ಭಾಷೆ ಬಾಗಿಲು ಮಾತ್ರ. ಒಳಗೆ ಕೇಳಿಸಿಕೊಳ್ಳುವವರು ಇಲ್ಲದಿದ್ದರೆ ತೆರೆದ ಬಾಗಿಲಿನಿಂದಲೂ ಮಕ್ಕಳು ಹೊರಟುಹೋಗುತ್ತಾರೆ.

ಹಾಗಾದರೆ ಕನ್ನಡ? ಅದನ್ನು ಸುಂಕವಾಗಿ ವಸೂಲು ಮಾಡಿದರೆ ಉಳಿಯದು, ಕೊಡುಗೆಯಾಗಿ ಕೊಟ್ಟರೆ ಉಳಿಯಬಹುದು ಎಂಬುದು ನಮ್ಮ ನಂಬಿಕೆ. ಬಾಸೆಲ್ ಮಿಶನ್ನಿನ ಪಾದ್ರಿಗಳಾಗಿದ್ದ ಉತ್ತಂಗಿ ಚನ್ನಪ್ಪನವರು ಸರ್ವಜ್ಞನ ವಚನಗಳನ್ನು ವರ್ಷಗಟ್ಟಲೆ ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದರು. 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಸಭೆಯ ನಿಯಮ ಅವರನ್ನು ಸರ್ವಜ್ಞನ ಬಳಿಗೆ ಕಳಿಸಿರಲಿಲ್ಲ. ಪ್ರೀತಿ ಕಳಿಸಿತ್ತು. ನಮ್ಮ ಐವರಲ್ಲಿ ಇಬ್ಬರು ಈಗ ಕನ್ನಡ ಅಕ್ಷರಗಳನ್ನು ಕಲಿಯುತ್ತಿದ್ದಾರೆ, ಅಜ್ಜಿ ಹಾಡುವ ಕೀರ್ತನೆಯಲ್ಲಿ ಏನಿದೆ ಎಂದು ತಿಳಿಯುವ ಆಸೆಯಿಂದ. ಮೂವರು ಕಲಿಯುತ್ತಿಲ್ಲ. ಆ ಮೂವರೂ ನಮ್ಮ ಮಕ್ಕಳೇ.

ಇದು ಕ್ರೈಸ್ತರ ಮನೆಮಾತು, ನಮಗೇಕೆ ಎಂದು ಬೇರೆ ಓದುಗರು ಅಂದುಕೊಳ್ಳಬಾರದೆಂದು ಕೋರುತ್ತೇವೆ. ಊರಿನಿಂದ ದೂರ ಬಂದವರೆಲ್ಲ ಮಕ್ಕಳಿಗೆ ಏನನ್ನೋ ಒಪ್ಪಿಸುವ ಅವಸರದಲ್ಲಿದ್ದೇವೆ. ಉಪನಯನದ ಮಂತ್ರವಿರಲಿ, ಇಷ್ಟಲಿಂಗದ ದೀಕ್ಷೆಯಿರಲಿ, ಭೂತದ ಗುಡಿಯ ಹರಕೆಯಿರಲಿ, ಅರ್ಥ ಕೇಳಿದ ಮಗುವಿಗೆ “ಮೊದಲು ಹೇಳು, ಆಮೇಲೆ ಅರ್ಥವಾಗುತ್ತದೆ” ಎಂದು ಹೇಳದ ಮನೆ ಎಷ್ಟಿದ್ದೀತು? ಹಾಗೆ ಹೇಳುವಾಗ ನಮಗೂ ಅರ್ಥ ಗೊತ್ತಿಲ್ಲವೆಂಬುದು ಮಗುವಿಗೆ ತಿಳಿದುಹೋಗುತ್ತದೆ.

ಮುಂದಿನ ತಿಂಗಳು ನಮ್ಮ ಸಭೆಯ ಹಿರಿಯರ ಕೂಟದಲ್ಲಿ ಒಂದು ಮನವಿ ಚರ್ಚೆಗೆ ಬರಲಿದೆ. ದೃಢೀಕರಣಕ್ಕೆ ವಯಸ್ಸನ್ನು ಗೊತ್ತುಮಾಡದೆ, ಸಿದ್ಧವಾಗಿದ್ದೇನೆಂದು ಮಗುವೇ ಹೇಳುವವರೆಗೆ ಕಾಯಬೇಕು. ಉತ್ತರವನ್ನು ತಾನು ಯೋಚಿಸುವ ಭಾಷೆಯಲ್ಲಿ, ತನ್ನ ಮಾತಿನಲ್ಲಿಯೂ ಹೇಳಲು ಬಿಡಬೇಕು. ಪ್ರತಿ ಮಗುವಿಗೂ ತಂದೆತಾಯಿಗಳಲ್ಲದ ಇಬ್ಬರು ಹಿರಿಯರು ಒಂದು ವರ್ಷ ಜೊತೆಗಾರರಾಗಿರಬೇಕು. ಬರೆದವರು ಆ ಐವರು ಮಕ್ಕಳು. ಕೆಳಗೆ ನಾವೂ ಸಹಿ ಹಾಕಿದ್ದೇವೆ. ಅದು ಬಿದ್ದುಹೋಗುವ ಸಂಭವವೇ ಹೆಚ್ಚು ಎಂದು ಬಲ್ಲವರು ಹೇಳುತ್ತಾರೆ.

ಮಗಳಿಗೆ ಈಗ ಹದಿನಾರು. ಈ ಗರಿಗಳ ಭಾನುವಾರಕ್ಕೂ ತಾನು ಸಿದ್ಧಳಲ್ಲ ಎಂದಿದ್ದಾಳೆ. ಆದರೆ ರಾತ್ರಿಯ ಮನೆಯ ಪ್ರಾರ್ಥನೆಗೆ ಕರೆಯದಿದ್ದರೂ ಬಂದು ಕೂರುತ್ತಾಳೆ, ಒಮ್ಮೊಮ್ಮೆ ಮೌನವಾಗಿ, ಒಮ್ಮೊಮ್ಮೆ ಅರ್ಧ ಇಂಗ್ಲಿಷ್ ಅರ್ಧ ತುಳುವಿನಲ್ಲಿ ಅಜ್ಜನನ್ನು ನೆನೆಯುತ್ತ. ರೋಮನ್ ಲಿಪಿಯ ಆ ಹಾಳೆ ಅವಳ ಬೈಬಲಿನೊಳಗೆ ಇನ್ನೂ ಇದೆ. ಕೆಲವು ಸಾಲುಗಳ ಪಕ್ಕದಲ್ಲಿ ಪೆನ್ಸಿಲಿನಿಂದ ಗೆರೆ ಎಳೆದಿದ್ದಾಳೆ, ಕೆಲವುಗಳ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆಯಿದೆ. ಗೆರೆ ಎಳೆದ ಸಾಲುಗಳು ಯಾವುವೆಂದು ನಾವು ಕೇಳಿಲ್ಲ. ಅವಳಾಗಿಯೇ ಹೇಳುವವರೆಗೆ ಕಾಯುವೆವು.